ಗ್ರೀನಿಚ್‌ನ ಏಕಾದಶಿ

2000ನೇ ಇಸವಿಯ ಫೆಬ್ರವರಿ 29, ಮಂಗಳವಾರ, ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಏಕಾದಶಿಯ ಉಪವಾಸ ಮಾಡಿದರು. ಅಂದು ದಶಮಿ. ಮರುದಿನ ಬೆಳಿಗ್ಗೆ ಏಳಕ್ಕೆ ಮುಂಚೆಯೇ ಅಡುಗೆ ಮುಗಿಸಿ, ದ್ವಾದಶಿಯ ಪಾರಣೆ ಎಂದು ಅನ್ನ, ಸಾರು, ಪಾಯಸ ಊಟ ಮಾಡಿದರು. ಅಂದು ಏಕಾದಶಿ. ಎರಡೂ ದಿನ ಆಕೆ ನಂಬಿದ್ದು ನನ್ನ ಕಂಪ್ಯೂಟರನ್ನು.

ಆ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಅಲ್ಲ, ಅದರ ಬದಲು ಬಳಸುವ ಲಿನಕ್ಸ್ ಎಂಬ ತಂತ್ರಾಂಶ. 1996ರಿಂದ ನಾನು ಅದನ್ನೇ ಬಳಸುತ್ತಿದ್ದೆ. ಅದರೊಳಗಿನ ಕೋಡಿನ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಈ ಗುಣವನ್ನು ನಾಲ್ಕು ವರ್ಷಗಳಲ್ಲಿ ನಮ್ಮ ಸುತ್ತಲಿನ ಬಹುತೇಕ ಕನ್ನಡಿಗರಿಗೆ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ವಿವರಿಸಿದ್ದೆ. ತಟ್ಟೆ ಹಿಡಿದು ನನ್ನ ಕಡೆ ಬರುತ್ತಿದ್ದವರಿಗೆ ಅರ್ಧ ದಾರಿಯಲ್ಲಿ ಉಪ್ಪಿನಕಾಯಿ ನೆನಪಾಗುತ್ತಿತ್ತು. “ಫ್ರೀ ಅಂದ್ರೆ ಬಿಟ್ಟಿ ಅಲ್ಲ, ಸ್ವಾತಂತ್ರ್ಯ” ಎಂಬುದು ನನ್ನ ಮೊದಲ ವಾಕ್ಯ. ಎರಡನೆಯದನ್ನು ಕೇಳಿದವರು ಕಡಿಮೆ.

ಇನ್ನು ಕೆಲವು ಸಂಗತಿಗಳೂ ದಾಖಲಾಗಬೇಕು. ಆ ನಾಲ್ಕು ವರ್ಷಗಳಲ್ಲಿ ನಮ್ಮ ಮನೆಯ ಪ್ರಿಂಟರ್ ಲಿನಕ್ಸ್‌ನಿಂದ ಒಂದು ಪುಟವನ್ನೂ ನೆಟ್ಟಗೆ ಮುದ್ರಿಸಲಿಲ್ಲ. ಸ್ಪೀಕರಿನಿಂದ ಸದ್ದು ಬಂದದ್ದು ಎರಡನೆಯ ವರ್ಷ. ನನ್ನ ಹೆಂಡತಿ ತನ್ನ ರೆಸ್ಯೂಮೆಯನ್ನು ಲೈಬ್ರರಿಯಲ್ಲಿ ಪ್ರಿಂಟ್ ಮಾಡಿಕೊಂಡು ಬಂದು ಕೆಲಸ ಗಳಿಸಿದಳು. ‘ಲಿನಕ್ಸ್ ಎಲ್ಲರ ಮೇಜಿನ ಮೇಲೆ ಬರುವ ವರ್ಷ ಇದು’ ಎಂದು ನಾನು ಕನ್ನಡ ಕೂಟದ ಪತ್ರಿಕೆಯಲ್ಲಿ ಎರಡು ಬೇರೆ ಬೇರೆ ವರ್ಷ ಬರೆದೆ. ಎರಡಕ್ಕೂ ತಿದ್ದುಪಡಿ ಪ್ರಕಟವಾಗಿಲ್ಲ.

ಅತ್ತೆ ಮೈಸೂರಿನಿಂದ ಡಿಸೆಂಬರಿನಲ್ಲಿ ಬಂದರು. ಆಗ ಅವರಿಗೆ ಅರವತ್ತಮೂರು. ಮದುವೆಯಾದ ವರ್ಷದಿಂದ, ಅಂದರೆ ನಲವತ್ತೊಂದು ವರ್ಷ, ಒಂದು ಏಕಾದಶಿಯನ್ನೂ ಬಿಟ್ಟಿರಲಿಲ್ಲ. ಹೆರಿಗೆಯ ತಿಂಗಳುಗಳಲ್ಲೂ ಬಿಟ್ಟವರಲ್ಲ. ನಮ್ಮ ಫ್ರಿಜ್ಜಿನ ಬಾಗಿಲಿನ ಮೇಲೆ ಇಲ್ಲಿನ ದೇವಸ್ಥಾನದ ಕ್ಯಾಲೆಂಡರ್ ಇತ್ತು. ಅಕ್ಷರ ಸಣ್ಣದು, ಅವರಿಗೆ ಕಾಣುತ್ತಿರಲಿಲ್ಲ. ಕನ್ನಡಕ ಬದಲಾಯಿಸಿದ್ದರೆ ಮುಗಿಯುತ್ತಿತ್ತು. ನಾನು ಪ್ರೋಗ್ರಾಂ ಬರೆದೆ.

ಜನವರಿಯ ಕೊನೆಯ ಒಂದು ವಾರಾಂತ್ಯದಲ್ಲಿ ಆ ಕ್ಯಾಲೆಂಡರಿನ ತಿಥಿಗಳನ್ನೆಲ್ಲ ಟೈಪ್ ಮಾಡಿದೆ. ಎಂಟರ್ ಒತ್ತಿದರೆ ಪರದೆಯ ತುಂಬ ದೊಡ್ಡದಾಗಿ ನಾಳೆಯ ತಿಥಿ ಮೂಡುತ್ತಿತ್ತು. ಕನ್ನಡ ಲಿಪಿ ಅದರಲ್ಲಿ ಸರಿಯಾಗಿ ಬರುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ‘ನಾಳೆ ಏಕಾದಶಿ’ ಎಂದು ಬರೆಸಿದೆ. ಶನಿವಾರ ಮಧ್ಯಾಹ್ನ ಪರೀಕ್ಷೆ ಮಾಡಿದೆ, ಸರಿ ಇತ್ತು. ಭಾನುವಾರ ಮಧ್ಯಾಹ್ನವೂ ಸರಿ ಇತ್ತು. ಕಂಪ್ಯೂಟರ್ ಇರುವ ಮನೆಯಲ್ಲಿ ಕಾಗದವೇಕೆ ಎಂದು ಕ್ಯಾಲೆಂಡರನ್ನು ರೀಸೈಕಲ್ ಡಬ್ಬಕ್ಕೆ ಹಾಕಿದೆ. ಅಂದಿನಿಂದ ಅತ್ತೆ ದಿನವೂ ರಾತ್ರಿಯ ಊಟ ಮುಗಿಸಿ, ಎಂಟು ಗಂಟೆಯ ಸುಮಾರಿಗೆ, ಸೆರಗಿಗೆ ಕೈ ಒರೆಸಿಕೊಂಡು ಎಂಟರ್ ಒತ್ತುತ್ತಿದ್ದರು.

ಮಾರ್ಚ್ 2, ಗುರುವಾರ ಸಂಜೆ, ಆಫೀಸು ಮುಗಿಸಿ ಈಸ್ಟ್ ಬ್ರನ್ಸ್‌ವಿಕ್‌ನ ಸ್ನೇಹಿತರೊಬ್ಬರ ಮನೆಗೆ ಹೋದೆ. ಒಂದು ವರ್ಷ ಪೀಡಿಸಿದ ಮೇಲೆ ಆತ ತನ್ನ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿಕೊಳ್ಳಲು ಒಪ್ಪಿದ್ದ. ಸಿ.ಡಿ. ಓಡುತ್ತಿದ್ದಾಗ ಆತನ ತಾಯಿ ಒಂದು ಬಟ್ಟಲು ಪಾಯಸ ತಂದಿಟ್ಟರು.

“ತಗೊಳ್ಳಿ. ಬೆಳಿಗ್ಗೆ ಪಾರಣೆಗೆ ಮಾಡಿದ್ದು.”

“ಪಾರಣೆ ನಿನ್ನೆ ಅಲ್ವಾ ಆಂಟಿ?”

“ನಿನ್ನೆ ಏಕಾದಶಿ ಅಲ್ವೇನಪ್ಪಾ? ಅಮೆರಿಕಕ್ಕೆ ಬಂದು ತಿಥಿನೂ ಮರೆತ್ರಾ?”

ಅಧಿಕ ವರ್ಷದ ಫೆಬ್ರವರಿ 29 ಆಗಷ್ಟೇ ಕಳೆದಿತ್ತು. ಎರಡು ಸಾವಿರದ ಇಸವಿ ಕಂಪ್ಯೂಟರುಗಳ ಲೆಕ್ಕ ತಪ್ಪಿಸುತ್ತದೆ ಎಂದು ಜಗತ್ತು ಹೆದರಿ ಕೆಲವೇ ವಾರಗಳಾಗಿದ್ದವು. ತಪ್ಪು ಅಲ್ಲೇ ಇರಬೇಕು, ಹಾಗಾದರೆ ಅದು ಜಗತ್ತಿನ ತಪ್ಪು ಎಂದು ಅರ್ಧ ಬಟ್ಟಲು ಪಾಯಸ ನೆಮ್ಮದಿಯಿಂದ ತಿಂದೆ. ಅಷ್ಟರಲ್ಲಿ ಪರದೆಯ ಮೇಲೆ ಪ್ರಶ್ನೆ ಬಂತು: ಈ ಯಂತ್ರದ ಗಡಿಯಾರ ಸ್ಥಳೀಯ ಸಮಯದಲ್ಲಿರಬೇಕೋ, ಗ್ರೀನಿಚ್ ಸಮಯದಲ್ಲೋ?

ನಮ್ಮ ಮನೆಯಲ್ಲಿ ಇದೇ ಪ್ರಶ್ನೆಗೆ ನಾನು ಗ್ರೀನಿಚ್ ಎಂದಿದ್ದೆ. ಮ್ಯಾನ್‌ಹ್ಯಾಟನ್‌ನಲ್ಲಿ ಸುದ್ದಿಸಂಸ್ಥೆಯೊಂದರ ಡೆಸ್ಕಿನಲ್ಲಿ ನನ್ನ ಕೆಲಸ. ಅಲ್ಲಿ ಪ್ರತಿ ಸುದ್ದಿಯ ಮೇಲೂ ಗ್ರೀನಿಚ್ ಸಮಯವೇ ಬೀಳುತ್ತಿತ್ತು. ಮನೆಯಲ್ಲೂ ಅಂಥದೊಂದು ಗಾಂಭೀರ್ಯ ಇರಲಿ ಎನಿಸಿತ್ತು. ನನ್ನ ತಿಥಿಯ ಪ್ರೋಗ್ರಾಂ ಕೂಡ ‘ಇಂದು’ ಯಾವ ದಿನ ಎಂದು ಗ್ರೀನಿಚ್‌ನ ಲೆಕ್ಕದಲ್ಲೇ ಎಣಿಸುತ್ತಿತ್ತು. ಚಳಿಗಾಲದಲ್ಲಿ ನ್ಯೂಜೆರ್ಸಿಯಲ್ಲಿ ಸಂಜೆ ಏಳಾದರೆ ಗ್ರೀನಿಚ್‌ನಲ್ಲಿ ಮಧ್ಯರಾತ್ರಿ, ದಿನ ಬದಲು. ಅತ್ತೆ ಎಂಟು ಗಂಟೆಗೆ ಕೇಳಿದ ನಾಳೆಗೆ ಅದು ನಾಡಿದ್ದಿನ ಉತ್ತರ ಕೊಡುತ್ತಿತ್ತು.

ವಿಂಡೋಸ್ ಬಳಸುವ ನನ್ನ ಗೆಳೆಯರಿಗೆ ಒಂದು ಸೌಕರ್ಯವಿತ್ತು: ಏನು ಕೆಟ್ಟರೂ ಬೈಯಲು ಒಂದು ಕಂಪನಿ. ನನ್ನ ವ್ಯವಸ್ಥೆಯಲ್ಲಿ ಎಲ್ಲವೂ ತೆರೆದಿಟ್ಟದ್ದು. ಮನೆಗೆ ಬಂದು ಪ್ರೋಗ್ರಾಂ ತೆರೆದರೆ, ಬರೆದವನ ಹೆಸರು ಮೊದಲ ಸಾಲಿನಲ್ಲೇ ಇತ್ತು. ಹೆಸರು ಹಾಕಿಕೊಳ್ಳುವುದನ್ನು ನಾನು ಮರೆತಿರಲಿಲ್ಲ. ಒಂದು ಸಾಲು ತಿದ್ದಿದೆ, ಎಲ್ಲ ಸರಿಹೋಯಿತು. ಕಳೆದುಹೋದ ದಿನಗಳನ್ನು ಬಿಟ್ಟು.

ಹೆಂಡತಿಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದೆ.

“ರೀ, ಅಮ್ಮಂಗೆ ಹೇಳ್ಬೇಡಿ. ಮೇ ತಿಂಗಳಲ್ಲಿ ಊರಿಗೆ ಹೋಗ್ತಾರೆ. ಗೊತ್ತಾಗೋದೇ ಇಲ್ಲ.”

“ತಪ್ಪು ಅಂತ ಗೊತ್ತಾದ್ಮೇಲೆ ತಿದ್ದುಪಡಿ ಹಾಕ್ಬೇಕು ಕಣೇ.”

“ಇದು ನಿಮ್ಮ ಡೆಸ್ಕ್ ಅಲ್ಲ, ನಮ್ಮಮ್ಮ. ನಲವತ್ತೊಂದು ವರ್ಷದ ವ್ರತ. ನಿಮ್ಮ ಪ್ರಿಂಟರ್ ಥರ ಅಲ್ಲ.”

ಶುಕ್ರವಾರ ಬೆಳಿಗ್ಗೆ, ರೈಲಿಗೆ ಇನ್ನೂ ಅರ್ಧ ಗಂಟೆ ಇರುವಾಗ, ಅತ್ತೆ ಕಾಫಿ ತಂದುಕೊಟ್ಟರು.

“ಅತ್ತೆ, ಒಂದು ತಿದ್ದುಪಡಿ ಇದೆ.”

“ಯಾಕೆ ಅಳಿಯಂದ್ರೇ, ಸಕ್ಕರೆ ಕಮ್ಮಿ ಆಯ್ತಾ?”

ನಡೆದದ್ದನ್ನು ಕ್ರಮವಾಗಿ ಹೇಳಿದೆ: ಯಾವ ದಿನ, ಎಷ್ಟು ಗಂಟೆ, ಯಾರ ತಪ್ಪು. ಆಕೆ ಕುರ್ಚಿ ಎಳೆದುಕೊಂಡು ಕುಳಿತರು.

“ಬುಧವಾರ ನಾನು ಅನ್ನ ತಿಂದೆ.”

“ಹೌದು.”

“ಪಾಯಸ ಎರಡು ಸಲ ಹಾಕ್ಕೊಂಡೆ.”

ನಾನು ಕಾಫಿ ಲೋಟ ಕೆಳಗಿಟ್ಟೆ.

“ಇದೊಂದೇ ಸಲಾನಾ?”

ಹೌದು ಎಂದುಬಿಡಬಹುದಿತ್ತು. ಹೆಂಡತಿ ಆಕೆಯ ಹಿಂದೆ ನಿಂತು ಹಾಗೆ ಹೇಳುವಂತೆ ತಲೆಯಾಡಿಸುತ್ತಿದ್ದಳು. ರಾತ್ರಿಯೇ ಲೆಕ್ಕ ಹಾಕಿದ್ದೆ. ಪ್ರೋಗ್ರಾಂ ಬಂದ ಮೇಲೆ ಬಂದ ಏಕಾದಶಿಗಳಷ್ಟೂ ತಪ್ಪಿದ್ದವು.

“ಮೂರು” ಎಂದೆ.

ಆಕೆ ಕಂಪ್ಯೂಟರಿನ ಕಡೆ ನೋಡಿದರು. “ಇದರೊಳಗಿರೋದನ್ನ ಅಂಗಡೀಲಿ ಕೊಂಡಿದ್ದಲ್ವಾ?”

“ಅಲ್ಲ ಅತ್ತೆ. ಫ್ರೀ.”

“ಅದಕ್ಕೇ.”

ನನ್ನ ಮೊದಲ ವಾಕ್ಯವನ್ನು ಹೇಳದೆ ಬಿಟ್ಟ ಸಂದರ್ಭ, ನನಗೆ ನೆನಪಿರುವಂತೆ, ಅದೊಂದೇ. ಆಕೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನ ರೈಲು ತಪ್ಪಿತು.

ಮಧ್ಯಾಹ್ನ ಹೆಂಡತಿ ದೇವಸ್ಥಾನಕ್ಕೆ ಫೋನ್ ಮಾಡಿ ಅರ್ಚಕರನ್ನು ಕೇಳಿದಳು. ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲ, ವ್ರತ ಮುಂದುವರಿಸಬಹುದು ಎಂದರು. ಸಂಜೆ ನನಗೆ ಬಾಗಿಲು ತೆರೆದದ್ದು ಅತ್ತೆಯೇ. “ಪರವಾಗಿಲ್ಲ ಅಂದ್ರಂತೆ. ಪರವಾಗಿಲ್ಲ ಅನ್ನೋದು ಅವರ ಕೆಲಸ” ಎಂದು ತಟ್ಟೆ ಹಾಕಿದರು. ಆ ರಾತ್ರಿ ಎಂಟರ್ ಒತ್ತಲಿಲ್ಲ, ಮುಂದೆಂದೂ ಒತ್ತಲಿಲ್ಲ. ಈಸ್ಟ್ ಬ್ರನ್ಸ್‌ವಿಕ್‌ನ ಆ ತಾಯಿಗೆ ಫೋನ್ ಮಾಡಿ ತಿಥಿ ಕೇಳತೊಡಗಿದರು. ಯುಗಾದಿಯ ಕೂಟದಲ್ಲಿ ಯಾರೋ ಎಷ್ಟು ವರ್ಷದ ಉಪವಾಸ ಎಂದು ಕೇಳಿದಾಗ, ನಾನು ಪಕ್ಕದಲ್ಲೇ ಇದ್ದೆ. “ನಲವತ್ತೊಂದು ವರ್ಷ, ಮೂರು ಕಮ್ಮಿ” ಎಂದರು.

ನಾನು ಈಗಲೂ ಲಿನಕ್ಸ್ ಬಳಸುತ್ತೇನೆ. ಪ್ರಿಂಟರ್ ಕೆಲಸ ಮಾಡುತ್ತದೆ, ಕನ್ನಡ ಒತ್ತಕ್ಷರ ಸಮೇತ ಕಾಣುತ್ತದೆ. ನನ್ನ ಅಭಿಪ್ರಾಯ ಬದಲಾದದ್ದು ಒಂದೇ ವಿಷಯದಲ್ಲಿ. ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದು ಎಂಬುದು ನಿಜ, ಆದರೆ ನಮ್ಮ ಮನೆಯಲ್ಲಿ ಓದಬಲ್ಲವನು ಒಬ್ಬನೇ ಇದ್ದ, ಅವನು ಓದಿರಲಿಲ್ಲ. ಮನೆಗೆ ಬೇಕಾದ ವ್ಯವಸ್ಥೆ ಗ್ರೀನಿಚ್ ಬೇಕೋ ಎಂದು ಕೇಳಬಾರದು. ಕೇಳಿದರೂ ನನ್ನಂಥವನನ್ನು ಕೇಳಬಾರದು. ಪಾಟ್‌ಲಕ್‌ಗಳಲ್ಲಿ ಈ ಮಾತು ಹೇಳಿ ನೋಡಿದ್ದೇನೆ. ಉಪ್ಪಿನಕಾಯಿ ಈಗಲೂ ಎಲ್ಲರಿಗೂ ನೆನಪಾಗುತ್ತದೆ.

ಅತ್ತೆ ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಎಂಬತ್ತೆಂಟು ವರ್ಷ. ಉಪವಾಸ ಕೂಡದೆಂದು ಡಾಕ್ಟರು ಕಳೆದ ವರ್ಷ ಬರೆದುಕೊಟ್ಟರು. ಹೋದ ಏಕಾದಶಿಯ ದಿನ ಹೆಂಡತಿ ಫೋನ್ ಮಾಡಿದಾಗ ಅಲ್ಲಿ ಸಂಜೆ ಐದು ಗಂಟೆ. ಆಕೆ ಆವರೆಗೆ ನೀರನ್ನೂ ಕುಡಿದಿರಲಿಲ್ಲ.