ಬಿದ್ದ ಚಿಕ್ಕಿಗೊಂದು ಜೋಳದ ಕಾಳು

ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಅನ್ನುತ್ತಾರೆ. ಚಿಕ್ಕಿ ಬಿದ್ದದ್ದು ಕಂಡರೆ ಥೂ ಎಂದು ಉಗುಳಿ ಸುಮ್ಮನಾಗಬೇಕು. ಬಾಯಿಬಿಟ್ಟು ಹೇಳಿದರೆ ಮನೆಗೆ ಕೇಡು. ನಮ್ಮ ಅತ್ತೆ ಯರಗುಪ್ಪಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ "ಚಿಕ್ಕಿ ಬಿತ್ತು!" ಎಂದು ಕೂಗಿಬಿಟ್ಟರಂತೆ. ಅದೇ ವಾರ ಮನೆಯ ಎತ್ತು ಸತ್ತಿತು. ಮುಗಿಯಿತಲ್ಲ! ಎತ್ತು ತಿಂದವಳು ಎಂಬ ಹೆಸರು ಬಂತು. ಹಾಗೆ ಅಂದವರೆಲ್ಲ ಹೋಗಿ ಎಷ್ಟೋ ಕಾಲವಾಯಿತು. ಅತ್ತೆ ಮಾತ್ರ ಅದನ್ನೇ ನಂಬಿ ಕೂತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಂಶಿಯ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವಳು ನಾನು, ಮನೆಯಲ್ಲಿ ಈ ಒಬ್ಬರ ಎದೆಯ ಭಾರ ಇಳಿಸಲಾಗದಿದ್ದರೆ ಏನು ಬಂತು?

ಕಳೆದ ಡಿಸೆಂಬರಿನಲ್ಲಿ ಉಲ್ಕೆಗಳು ಸುರಿಯುವ ದಿನ ಬಂದಾಗ ಅವರಿಗೆ ಗಂಟು ಬಿದ್ದೆ.

"ಮಾಳಗಿ ಮ್ಯಾಲ ಹೋಗೂಣು ಬರ್ರಿ ಅತ್ತೀ. ಚಿಕ್ಕಿ ಎಣಸೂಣು."

"ನಿನಗೇನ ಹುಚ್ಚ ಹಿಡದೈತೇನ? ಬಿದ್ದ ಚಿಕ್ಕಿ ಯಾರರ ಎಣಸ್ತಾರ?"

"ಅವು ಚಿಕ್ಕೀನ ಅಲ್ರಿ. ಹತ್ತಿ ಹೇರಿದ ಟ್ರ್ಯಾಕ್ಟರ್ ಹೋದ ಮ್ಯಾಲ ದಾರಿ ತುಂಬ ಹತ್ತಿ ಉದುರಿರತೈತಲ್ಲ? ಹಂಗ ಆಕಾಶದಾಗ ಒಂದು ಕಲ್ಲು ಚೂರು ಉದುರಿಸ್ಕೋತ ತಿರಗತೈತಿ. ವರ್ಷಾ ಇದ ಹೊತ್ತಿಗೆ ನಮ್ಮ ಭೂಮಿ ಆ ದಾರಿ ದಾಟತೈತಿ. ಜೋಳದ ಕಾಳಿನಷ್ಟ ಚೂರು ಗಾಳ್ಯಾಗ ಉರದು ಬೂದಿ ಆಗತಾವು."

ನಂಬಲಿಲ್ಲ, ಆದರೆ ಬಂದರು. ನಸುಕಿಗೆ ಇನ್ನೂ ಹೊತ್ತಿರುವಾಗಲೇ ಮಣ್ಣಿನ ಮಾಳಿಗೆಯ ಮೇಲೆ ಕೌದಿ ಹೊದ್ದು ಅಂಗಾತ ಮಲಗಿದೆವು. ಕಣ್ಣು ಕತ್ತಲೆಗೆ ಪಳಗಲೆಂದು ಮೊಬೈಲ್ ಕೆಳಗೇ ಬಿಟ್ಟಿದ್ದೆ. ಪೂರ್ವ ನನಗೆ, ಪಶ್ಚಿಮ ಅತ್ತೆಗೆ. ಕಂಡ ಕೂಡಲೇ "ಬಿತ್ತು" ಅನ್ನಬೇಕು, ನಾನು ಅವರವರ ಬಟ್ಟಲಿಗೆ ಒಂದು ಜೋಳದ ಕಾಳು ಹಾಕಬೇಕು.

ನಾನಂತೂ ಬೇಕೆಂದೇ ಗಂಟಲು ಹರಿಯುವಂತೆ ಕೂಗುತ್ತಿದ್ದೆ. "ಒದರಬ್ಯಾಡ ಬೇ, ಎತ್ತು ಅದಾವು ಕೆಳಗ!" ಎಂದು ಅತ್ತೆ ಪ್ರತಿಸಲವೂ ತಿವಿಯುತ್ತಿದ್ದರು. ಅವರ ಕಡೆಯಿಂದ ಮಾತ್ರ ಒಂದೂ ಇಲ್ಲ. ನಿದ್ದೆ ಹೋದರೇನೋ ಎಂದುಕೊಳ್ಳುವಷ್ಟರಲ್ಲಿ ಕೌದಿಯೊಳಗಿಂದ ಮೆಲ್ಲಗೆ, "ಥೂ." ಸ್ವಲ್ಪ ಹೊತ್ತಿಗೆ ಮತ್ತೆ, "ಥೂ." ಅಯ್ಯ ಶಿವನೇ! ನಗು ತಡೆಯಲಾಗಲಿಲ್ಲ. ಅವರು ಉಗುಳಿದಾಗಲೆಲ್ಲ ಅವರ ಬಟ್ಟಲಿಗೂ ಕಾಳು ಹಾಕುತ್ತ ಹೋದೆ.

ಮೂಡಣ ತುಸು ಬಿಳಿಚಿದಾಗ ಎರಡೂ ಬಟ್ಟಲು ಅವರ ಮುಂದಿಟ್ಟೆ. "ಇವು ನೀವು ಉಗಳಿದ್ದು. ಇವು ನಾ ಒದರಿದ್ದು."

ಅತ್ತೆ ನನ್ನ ಬಟ್ಟಲಿನ ಕಾಳಿನಲ್ಲಿ ಬೆರಳಾಡಿಸಿದರು. ಅದನ್ನು ಹಿಡಿದುಕೊಂಡೇ ಮಾಳಿಗೆಯ ಅಂಚಿಗೆ ಹೋಗಿ ಹಣಿಕಿದರು. ಅಂಗಳದಲ್ಲಿ ಎರಡೂ ಎತ್ತುಗಳು ಕಣಿಕೆ ಮೇಯುತ್ತ ನಿಂತಿದ್ದವು.

"ಇಷ್ಟ ಒದರೀದಿ," ಎಂದರು. "ಅವು ನೋಡಿದ್ರ ಆರಾಮ ಮೇಯಾಕ ಹತ್ಯಾವು."

"ಹೌದ್ರಿ."

"ಹಂಗಾರ ಆವತ್ತಿಂದು... ನನ್ನಿಂದಲ್ಲೇನ?"

"ಅಲ್ರಿ ಅತ್ತೀ. ಅದಕ್ಕ ಜಡ್ಡ ಬಂದಿತ್ತು, ಸತ್ತಿತು."

ಅಷ್ಟರಲ್ಲಿ ಬೆಳ್ಳನೆಯ ಗೆರೆಯೊಂದು ಊರ ಮೇಲೆ ಹಾದುಹೋಯಿತು. ಅತ್ತೆಯ ತುಟಿ ಉಗುಳಲು ಸಜ್ಜಾಗಿ ಅಲ್ಲೇ ನಿಂತಿತು. ಆಮೇಲೆ ಓಣಿಯ ನಾಯಿಗಳೆಲ್ಲ ಎದ್ದು ಬೊಗಳುವಂತೆ ಕೂಗಿದರು: "ಯವ್ವಾ, ಚಿಕ್ಕಿ ಬಿತ್ತು!"