ಕಣ್ಣಿನ ಕಡೆಯ ಬಳೆ

ಮೇಜಿನ ಮೇಲೆ ಬೇರೆಯವರ ಕನ್ನಡಕ ಕಂಡರೆ ಅದನ್ನು ಒಮ್ಮೆ ಹಾಕಿಕೊಂಡು ನೋಡದೆ ಸುಮ್ಮನಿರುವ ಮನುಷ್ಯರನ್ನು ನಾನಂತೂ ಈವರೆಗೆ ಕಂಡಿಲ್ಲ. ಬೇರೆಯವರ ಚಪ್ಪಲಿಗೆ ಕಾಲು ತಾಗಿದರೆ ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಕನ್ನಡಕಕ್ಕೆ ಮಾತ್ರ ಆ ಮಡಿ ಇಲ್ಲ. ಹಾಕಿಕೊಂಡು, ತಲೆ ತಿರುಗಿ, "ಇದೇನು ನಂಬರಪ್ಪ" ಎಂದು ಕಳಚಿಟ್ಟು, ಅದರ ಒಡೆಯನಿಗೆ ಏನೋ ದೊಡ್ಡ ಕಾಯಿಲೆ ಇದೆಯೆಂಬಂತೆ ಕನಿಕರದಿಂದ ಒಮ್ಮೆ ನೋಡುತ್ತೇವೆ. ನೀವೂ ನೋಡಿರುತ್ತೀರಿ, ಇಲ್ಲವೆನ್ನಬೇಡಿ. ನಾನು ಒಪ್ಪಿಕೊಳ್ಳಹೊರಟಿರುವ ತಪ್ಪೂ ಇದೇ ಜಾತಿಯದು. ಆದರೆ ನಾನು ಕಣ್ಣಿಟ್ಟದ್ದು ಕನ್ನಡಕಕ್ಕಲ್ಲ, ನನ್ನ ತಮ್ಮನ ಬಂದೂಕಿನ ದುರ್ಬೀನಿಗೆ.

ಬಂದೂಕು ಎಂದೊಡನೆ ಹೆದರಬೇಡಿ. ಗಾಳಿಯ ಒತ್ತಡದಿಂದ ಕಡಲೆಕಾಳಿಗಿಂತ ಸಣ್ಣ ಸೀಸದ ಗುಂಡನ್ನು ಹಾರಿಸುವ ಏರ್ ರೈಫಲ್ ಅದು. ಡಾಲಸ್ ಹತ್ತಿರದ ಫ್ಲವರ್ ಮೌಂಡ್ ಎಂಬ ಊರಿನಲ್ಲಿರುವ ನನ್ನ ತಮ್ಮ ರಘು ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು, ಶನಿವಾರ ಬಂದರೆ ಹುಲ್ಲಿನ ಮೇಲೆ ಕೂತು, ದೂರದಲ್ಲಿ ನಿಲ್ಲಿಸಿದ ತಗಡಿನ ಅಳಿಲು ಮೊಲಗಳ ಎದೆಯ ತೂತಿಗೆ ಗುರಿಯಿಡುತ್ತಾನೆ. ಗುಂಡು ತೂತಿನೊಳಗೆ ಹೋದರೆ ಅಳಿಲು ಮಗುಚಿ ಬೀಳುತ್ತದೆ. ಅಂಚಿಗೆ ತಾಗಿದರೆ ಟಣ್ ಎಂದು ನಕ್ಕು ನಿಂತೇ ಇರುತ್ತದೆ. ಅವನ ಹೆಂಡತಿಗೆ ಇದರಲ್ಲಿ ಆಸಕ್ತಿಯಿಲ್ಲವಾದ್ದರಿಂದ ಮಡಚುವ ಕುರ್ಚಿ, ಚುರುಮುರಿಯ ಡಬ್ಬಿಗಳ ಜೊತೆಗೆ ನಾನೂ ಒಂದು ಸಾಮಾನಾಗಿ ಅವನ ಕಾರು ಹತ್ತುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ರಿಚರ್ಡ್‌ಸನ್ನಿನಲ್ಲಿ ಅಪಾರ್ಟ್‌ಮೆಂಟ್ ಹಂಚಿಕೊಂಡು ಓದುತ್ತಿರುವ ನಮ್ಮ ಕಡೆಯ ಮಕ್ಕಳಿಗೆ ಚಪಾತಿ ಪಲ್ಯ ಮಾಡಿ ಕಳಿಸುವುದು ನನ್ನ ಉದ್ಯೋಗ. ಲಟ್ಟಣಿಗೆಗಿಂತ ಜಟಿಲವಾದ ಯಂತ್ರ ನನಗೆ ತಿಳಿಯದು. ತಿಳಿಯದ್ದನ್ನು ಮುಟ್ಟಬಾರದೆಂಬುದೂ ತಿಳಿದಿರಲಿಲ್ಲ.

ಆಸ್ಟಿನ್ ಹತ್ತಿರದ ಒಂದು ಬಯಲಿನಲ್ಲಿ ಪಂದ್ಯವಿತ್ತು. ರಘು ವರ್ಷವಿಡೀ ಅದಕ್ಕೇ ಕೈ ಪಳಗಿಸಿದ್ದ. ಖಾಲಿ ರೈಫಲನ್ನು ಸ್ಟ್ಯಾಂಡಿನ ಮೇಲಿಟ್ಟು, "ಅಕ್ಕ, ಇದನ್ನ ನೋಡ್ಕೊಂಡಿರು, ಹೆಸರು ಬರೆಸಿ ಬರ್ತೀನಿ" ಎಂದು ಹೋದ. ನೋಡಿಕೊಂಡಿರು ಎಂದರೆ ಕಾಯುತ್ತಿರು ಎಂದು ಅರ್ಥ. ನಾನು ಅದನ್ನು ಅಕ್ಷರಶಃ ತೆಗೆದುಕೊಂಡು, ಕನ್ನಡಕ ಕಳಚಿ, ದುರ್ಬೀನಿನೊಳಗೆ ನೋಡಿದೆ. ಬೇಲಿಯ ಮೇಲೆ ಉದ್ದ ಬಾಲದ ಕರಿಹಕ್ಕಿಯೊಂದು ಮಸುಕು ಮಸುಕಾಗಿ ಕೂತಿತ್ತು. ಕಣ್ಣಿಡುವ ತುದಿಯಲ್ಲಿ ಬಳೆಯಂಥದೊಂದು ಕೈಗೆ ತಾಗಿತು, ತಿರುಗಿಸಿದೆ, ಹಕ್ಕಿಯ ಹಳದಿ ಕಣ್ಣು ಕೂಡ ನಿಚ್ಚಳವಾಗಿ ಕಂಡಿತು. ಆಹಾ ಎಂದುಕೊಂಡು ಕುರ್ಚಿಗೆ ಮರಳಿದೆ.

ಅಂದು ರಘುವಿನ ಗುಂಡಿಗೆ ಅಳಿಲುಗಳು ಬೀಳಲಿಲ್ಲ, ಬರೀ ನಕ್ಕವು. ಹೊರಡುವಾಗ ಅವನ ಮುಖ ಬಾಡಿಹೋಗಿತ್ತು. "ದುರ್ಬೀನೇ ಹಾಳಾಗಿದೆ ಅನ್ಸುತ್ತೆ, ಬೇರೆ ತಗೋಬೇಕು" ಎಂದ.

ಹೀಗೆ ನಮ್ಮ ದುರ್ಬೀನಿನ ಅನ್ವೇಷಣೆ ಆರಂಭವಾಯಿತು. ಮುಂದಿನ ಶನಿವಾರ ಡಾಲಸ್ಸಿನ ಅಂಗಡಿಯವನು, ವಸ್ತು ಎಷ್ಟು ದೊಡ್ಡದಾಗಿ ಕಂಡರೆ ಅಷ್ಟು ಒಳ್ಳೆಯದೆಂದು ಒಂದನ್ನು ಹೊರತೆಗೆದ. ಅದರಲ್ಲಿ ಎದುರಿನ ಗೋಡೆಯ ಬಿರುಕು ಹೊಳೆಯ ಹಾಗೆ ಕಂಡಿತು. ಹಿಂದಕ್ಕೂ ಮುಂದಕ್ಕೂ ಒದೆಯುವ ಸ್ಪ್ರಿಂಗಿನ ರೈಫಲ್ಲಾದರೆ ಇದು ಬೇಡ, ಅದು ಎಂದ. ಒಳಗಿನ ಗುರಿಯ ಗೆರೆ ಕೂದಲಿನಂತಿರಬೇಕೋ ಚುಕ್ಕಿಗಳಿರಬೇಕೋ ಎಂದು ಕೇಳಿದ. ಸೀರೆಯ ಅಂಗಡಿಯಲ್ಲೂ ನನಗೆ ಗೊಂದಲವಾಗುತ್ತದೆ, ಆದರೆ ಅಲ್ಲಿ ಕೊನೆಗೆ ಬಣ್ಣ ಹಿಡಿಸಲಿಲ್ಲ ಎಂದು ಎದ್ದು ಬರಬಹುದು. ಇಲ್ಲಿ ಎಲ್ಲವೂ ಕಪ್ಪು.

ಏನೂ ಕೊಳ್ಳದೆ ಮರಳಿ, ಎರಡು ವಾರ ಬಿಟ್ಟು ಹ್ಯೂಸ್ಟನ್ನಿಗೆ ಹೋದೆವು. ಅಲ್ಲಿ ಧಾರವಾಡದ ಕಡೆಯ ನಿವೃತ್ತ ಡಾಕ್ಟರ್ ಅಂಕಲ್ ಒಬ್ಬರಿದ್ದಾರೆ. ರಘುವಿಗೆ ಈ ಆಟ ಹಚ್ಚಿದವರು. ಅವರು ಡಾಲಸ್ಸಿನವನ ಮಾತನ್ನು ತಲೆಕೆಳಗು ಮಾಡಿ, ಭಾಳ ದೊಡ್ಡದು ಮಾಡಿದರೆ ಇಲ್ಲಿಯ ಬಿಸಿಗಾಳಿಯೂ ದೊಡ್ಡದಾಗಿ ಕುಣಿಯುತ್ತದೆ ಎಂದರು. ನಾನು ಪೆದ್ದಿಯಂತೆ ತಲೆಯಾಡಿಸುತ್ತಿದ್ದುದನ್ನು ಕಂಡು ತಮ್ಮ ರೈಫಲ್ ತಂದು ತೋರಿಸಿದರು. ಬದಿಯಲ್ಲಿ ತಟ್ಟೆಯಷ್ಟು ದೊಡ್ಡ ಗಾಲಿ. ಅದನ್ನು ತಿರುಗಿಸುತ್ತ ಹೋಗಿ ಅಳಿಲು ಎಲ್ಲಿ ನಿಚ್ಚಳವಾಗುತ್ತದೋ ಅಲ್ಲಿ ಗಾಲಿಯ ಮೇಲಿನ ಅಂಕಿಯೇ ಅಳಿಲಿಗಿರುವ ದೂರ. ಅದನ್ನು ನೋಡಿಯೇ ಎಷ್ಟು ಮೇಲೆ ಗುರಿಯಿಡಬೇಕೆಂಬ ಲೆಕ್ಕ.

"ಮತ್ತ ಈ ಕಣ್ಣಿನ ಕಡೆ ಬಳಿ ಅದಲ್ರೀ, ಇದನ್ನ ಒಮ್ಮೆ ನಮ್ಮ ಕಣ್ಣಿಗೆ ಹೊಂದಿಸಿದ್ರ ಮುಗೀತು. ಆಮ್ಯಾಲೆ ಯಾರರ ತಿರುವಿದ್ರಂದ್ರ ಗಾಲಿ ಮ್ಯಾಲಿನ ನಂಬರೆಲ್ಲಾ ಸುಳ್ಳು. ರಘು, ನಿಂದು ಯಾರೂ ಮುಟ್ಟಿಲ್ಲಲಾ?"

"ಯಾರು ಮುಟ್ತಾರೆ ಅಂಕಲ್? ಅಕ್ಕನೇ ಕಾವಲಿಗಿದ್ಲಲ್ಲ."

"ಹಂಗಾರ ನಿನ್ನ ಕಣ್ಣ ತೋರಿಸ್ಕೊಳಪಾ."

ನಾನು ಬಾಯಿ ತುಂಬ ಚಹಾ ಇಟ್ಟುಕೊಂಡು ನುಂಗದೆ ಕೂತೆ. ಕಾವಲಿಗಿದ್ದವಳು ನಾನು, ಕನ್ನ ಹಾಕಿದವಳೂ ನಾನೇ.

ಮರಳುವ ದಾರಿಯಲ್ಲಿ ಗ್ಯಾಸ್ ಸ್ಟೇಷನ್ನಿನ ನೆರಳಿನಲ್ಲಿ ಕಾರು ನಿಲ್ಲಿಸಿ ರಘು ಹೇಳಿದ: "ಮಂಗಳವಾರ ಕಣ್ಣಿನ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಇನ್ನು ಆಡೋದು ಬೇಡ ಅನ್ಸುತ್ತೆ ಅಕ್ಕ. ರೈಫಲ್ ಅಂಕಲ್‌ಗೇ ಕೊಟ್ಬಿಡ್ತೀನಿ."

"ನಿನ್ನ ಕಣ್ಣಿಗೆ ಏನೂ ಆಗಿಲ್ಲ ಕಣೋ. ಆ ಬಳೆ ತಿರುಗಿಸಿದ್ದು ನಾನು. ಆಸ್ಟಿನ್‌ನಲ್ಲಿ. ಹಕ್ಕಿ ಮಸುಕಾಗಿ ಕಾಣ್ತಿತ್ತು."

"ಹಕ್ಕಿ," ಎಂದ ರಘು.

ಡಾಲಸ್ ಬರುವವರೆಗೆ ಅವನು ಆಡಿದ್ದು ಅದೊಂದೇ ಪದ. ನನ್ನ ಮನೆಯ ಮುಂದೆ ಇಳಿಸುವಾಗ ಮಾತ್ರ, "ಮೂರು ವಾರ ಅಕ್ಕ. ಬಾಯಲ್ಲಿ ದುರ್ಬೀನು ಹಾಳು ಅಂತಿದ್ರೂ, ಕುರುಡಾಗ್ತಿದೀನಿ ಅಂತ ಮೂರು ವಾರ ನಿದ್ದೆ ಇಲ್ಲ ನಂಗೆ. ಇವತ್ತು ಅಂಕಲ್ ಕೇಳ್ದಾಗಾದ್ರೂ ಹೇಳ್ಬಾರ್ದಾಗಿತ್ತಾ?" ಎಂದ. ನಾನೇಕೆ ಹೇಳಲಿಲ್ಲವೆಂಬುದು ನನಗೆ ಈಗಲೂ ಸರಿಯಾಗಿ ತಿಳಿಯದು. ದಡ್ಡಿ ಎಂದು ಎಲ್ಲರೂ ಅಂದುಕೊಂಡಿರುವುದು ಒಂದು. ಅದಕ್ಕೆ ಸಾಕ್ಷಿ ಒದಗಿಸುವುದು ಇನ್ನೊಂದು. ಆ ಸಣ್ಣ ಅಭಿಮಾನಕ್ಕಾಗಿ ತಮ್ಮನ ಕಣ್ಣನ್ನೇ ಅಡವಿಡುತ್ತಿದ್ದೆನಲ್ಲ.

ಸೋಮವಾರ ಸಂಜೆ ದುರ್ಬೀನು ಹಿಡಿದುಕೊಂಡು ಬಂದ. ಬಳೆಯನ್ನು ಮತ್ತೆ ತನ್ನ ಕಣ್ಣಿಗೆ ಹೊಂದಿಸಿ ನೋಡಿದ್ದನಂತೆ. ಹಿತ್ತಲಿನ ತಗಡಿನ ಅಳಿಲು ಮೊದಲ ಗುಂಡಿಗೇ ಬಿತ್ತಂತೆ. "ನೈಲ್ ಪಾಲಿಶ್ ಇದ್ಯಾ?" ಎಂದು ಕೇಳಿ ತೆಗೆದುಕೊಂಡು, ಬಳೆಗೂ ಕೊಳವೆಗೂ ಸೇರಿಸಿ ಒಂದು ಕೆಂಪು ಗೆರೆ ಎಳೆದ. ಇನ್ನು ಯಾರು ತಿರುಗಿಸಿದರೂ ಗೆರೆ ಮುರಿದು ಕಾಣುತ್ತದೆ. ಆಮೇಲೆ, ಹಿಟ್ಟು ಮೆತ್ತಿ ಮೇಜಿನ ಮೇಲೆ ಬಿದ್ದಿದ್ದ ನನ್ನ ಕನ್ನಡಕವನ್ನು ಎತ್ತಿ ಮೂಗಿಗೇರಿಸಿಕೊಂಡ.

"ಇದ್ರಲ್ಲಿ ನಿಂಗೆ ಏನಾದ್ರೂ ಕಾಣ್ಸುತ್ತಾ ಅಕ್ಕ?"

"ಚಪಾತಿ ಕಾಣ್ಸುತ್ತೆ."

"ಗಾಜೆಲ್ಲ ಗೀರು. ಯಾವ ಕಾಲದ್ದಿದು? ನಾಳೆ ನನ್ನ ಅಪಾಯಿಂಟ್‌ಮೆಂಟ್‌ಗೆ ನೀನು ಹೋಗು."

ಹೋದೆ. ಕತ್ತಲ ಕೋಣೆಯಲ್ಲಿ ಗಾಜಿನ ಮೇಲೆ ಗಾಜು ಬದಲಾಯಿಸುತ್ತ, ಇದು ಚೆನ್ನಾಗಿದೆಯೋ ಅದು ಚೆನ್ನಾಗಿದೆಯೋ ಎಂದು ಕೇಳಿದ ಡಾಕ್ಟರಿಗೆ ಏನೇನು ಹೇಳಿದೆನೋ. ಆ ಯಂತ್ರಕ್ಕೂ ಒಂದು ಬಳೆಯಿತ್ತು; ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ.

ಹೊಸ ಕನ್ನಡಕ ಬಂದ ದಿನ ರಘು ಅದನ್ನು ಮೊದಲು ತಾನೇ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, "ಇದೇನು ನಂಬರಪ್ಪ" ಎಂದು ನನ್ನತ್ತ ತಿರುಗಿ ನೋಡಿದ. ಅದು ಕನಿಕರದ ನೋಟವೋ ಕ್ಷಮೆಯದೋ ಹೇಳಲಾರೆ. ಕನ್ನಡಕ ಇನ್ನೂ ಅವನ ಮೂಗಿನ ಮೇಲೇ ಇದ್ದುದರಿಂದ ನನಗೆ ಸರಿಯಾಗಿ ಕಾಣಲಿಲ್ಲ.