ಕರಿಗುಡ್ಡದ ದೊಣೆ

ಕಲ್ಲಿನ ವಿಷಯದಲ್ಲಿ ಬೆಟ್ಟಯ್ಯ ಸುಳ್ಳು ಹೇಳಿದವನಲ್ಲ. ಹೆಂಡದಂಗಡಿಯಲ್ಲಿ ಹೇಳುತ್ತಿದ್ದ, ಹೆಂಡತಿ ಪುಟ್ಟಮಾದಮ್ಮನಿಗಂತೂ ದಿನಕ್ಕೆರಡು ಹೇಳುತ್ತಿದ್ದ. ಆದರೆ ಬಂಡೆಗೆ ಸುತ್ತಿಗೆ ತಟ್ಟಿ ಕಿವಿಯಿಟ್ಟನೆಂದರೆ ಮುಗಿಯಿತು: ಗಟ್ಟಿಯಿದ್ದರೆ ಗಟ್ಟಿ, ಒಳಗೆ ಬಿರುಕಿದ್ದರೆ ಬಿರುಕು. ತಗಡೂರು ಸುತ್ತಿನ ಕಲ್ಲುಕುಟಿಗರೆಲ್ಲ ಅವನ ಮಾತು ಕೇಳಿಯೇ ಉಳಿ ಇಡುತ್ತಿದ್ದರು.

ಅವನ ಕೇರಿಯ ಹಿಂದೆಯೇ ಕರಿಗುಡ್ಡ. ಅದರ ನೆತ್ತಿಯ ತಗ್ಗಿನಲ್ಲಿ ಎರಡು ಎಕರೆಯಷ್ಟು ನೀರು ನಿಂತ ದೊಣೆ. ಮೇಲಿನ ಬೀದಿಯ ಬಾವಿಗೆ ಕೇರಿಯವರು ಕೊಡ ಇಳಿಸುವಂತಿರಲಿಲ್ಲ. ಯಾರಾದರೂ ಸೇದಿ ಹುಯ್ಯುವವರೆಗೆ ದೂರ ನಿಂತು ಕಾಯಬೇಕು. ಯಾರ ಮುಖವನ್ನೂ ನೋಡದೆ ಮೊಗೆದುಕೊಳ್ಳಬಹುದಾದ ನೀರೆಂದರೆ ದೊಣೆಯದೊಂದೇ. ಅದಕ್ಕಾಗಿ ಹೆಂಗಸರು ದಿನಾ ಗುಡ್ಡ ಹತ್ತುತ್ತಿದ್ದರು.

ದೊಣೆ ಪಾಂಡವರು ಕಟ್ಟಿದ್ದು ಎಂದು ಊರವರ ನಂಬಿಕೆ. ಪಾಂಡವರು ಈ ಸೀಮೆಯಲ್ಲಿ ಮಾಡದ ಕೆಲಸವೇ ಇಲ್ಲ. ೧೯೯೪ರಲ್ಲಿ ಕ್ವಾರಿ ಮಾಲೀಕನ ಜೊತೆ ಬಂದ ಭೂವಿಜ್ಞಾನಿ ಬೇರೆ ಕಥೆ ಹೇಳಿದ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಬಂಡೆ ಸೀಳಿತಂತೆ. ಭೂಮಿಯೊಳಗಿನ ಕಾದ ಕಲ್ಲಿನ ಪಾಕ ಆ ಸೀಳಿಗೆ ನುಗ್ಗಿ, ಆರಿ, ಕರಿಗಲ್ಲಾಯಿತಂತೆ. ಸುತ್ತಲಿನ ಬಿಳಿಗಲ್ಲು ಮಳೆ ಬಿಸಿಲಿಗೆ ಸವೆದು ತಗ್ಗು ಬಿತ್ತು. ಕರಿಗಲ್ಲು ಜಗ್ಗದೆ ಗೋಡೆಯಾಗಿ ನಿಂತಿತು, ಅದರ ಹಿಂದೆ ನೀರು ನಿಂತಿತು.

ಮಾಲೀಕನಿಗೆ ಬೇಕಾಗಿದ್ದದ್ದು ಆ ಗೋಡೆಯೇ. "ತಟ್ಟಿ ನೋಡು ಬೆಟ್ಟಯ್ಯ. ಬಿರುಕಿದ್ರೆ ನಮಗೆ ಬೇಡ, ಬೇರೆ ಗುಡ್ಡ ನೋಡ್ಕೋತೀವಿ," ಎಂದ.

ಬೆಟ್ಟಯ್ಯ ಗೋಡೆಯುದ್ದಕ್ಕೂ ತಟ್ಟಿದ. ಕಂಚಿನ ತಟ್ಟೆಯ ಸದ್ದು. ಅಂಥ ಕಲ್ಲಿನ ದನಿಯನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಿರುಕಿದೆ ಎಂದಿದ್ದರೆ ಸಾಕಿತ್ತು, ದೊಣೆ ಉಳಿಯುತ್ತಿತ್ತು. ಆ ಮಾತು ನಾಲಗೆಯ ತುದಿಗೂ ಬಂತು. ಆದರೆ ಓದಿದವನೊಬ್ಬ ಪಕ್ಕದಲ್ಲೇ ನಿಂತಿರುವಾಗ ತಪ್ಪು ಹೇಳಿ ಸಣ್ಣವನಾಗಲು ಆ ಮುಠ್ಠಾಳನಿಗೆ ಮನಸ್ಸಾಗಲಿಲ್ಲ.

"ಒಂದೇ ಕಲ್ಲು ಸಾ. ಕೂದ್ಲೆಳೆ ಬಿರುಕೂ ಇಲ್ಲ."

ಭೂವಿಜ್ಞಾನಿ ಬೆನ್ನು ತಟ್ಟಿದ. ಮನೆ ಸೇರುವವರೆಗೂ ಬೆಟ್ಟಯ್ಯನ ಎದೆ ಉಬ್ಬಿಯೇ ಇತ್ತು.

ಎರಡು ವರ್ಷ ಕೊಯ್ದರು. ಬ್ಲಾಕುಗಳು ಲಾರಿಯೇರಿ ನಂಜನಗೂಡಿನ ಕಡೆ ಹೋದವು. ತೊಂಬತ್ತಾರರ ಒಂದು ಬೆಳಿಗ್ಗೆ ತೆಳುವಾಗಿದ್ದ ಗೋಡೆ ಒಡೆಯಿತು. ಅಷ್ಟು ಕಾಲದ ದೊಣೆ ಊಟದ ಹೊತ್ತಿಗೆ ಖಾಲಿ. ಮೀನುಗಳು ಕೆಸರಲ್ಲಿ ಒದ್ದಾಡಿ ಸತ್ತವು. ಮಾರನೆಯ ದಿನದಿಂದ ಹೆಂಗಸರು ಮೇಲಿನ ಬೀದಿಯಲ್ಲಿ ನಿಂತು, "ಒಂದ್ ಕೊಡ ಉಯ್ಯಿ ತಾಯೀ" ಎಂದು ಬೇಡತೊಡಗಿದರು. ಪುಟ್ಟಮಾದಮ್ಮ ಹಾಗೆ ಬಿಸಿಲಲ್ಲಿ ನಿಂತಿದ್ದನ್ನು ಬೆಟ್ಟಯ್ಯ ಒಮ್ಮೆ ನೋಡಿದ. ಮತ್ತೆ ಆ ದಾರಿ ಹಿಡಿಯಲಿಲ್ಲ. ಸರ್ಕಾರ ಕೊರೆಸಿದ ಬೋರ್‌ವೆಲ್ ಎರಡೇ ವರ್ಷಕ್ಕೆ ಕೈಕೊಟ್ಟಿತು. ಕೇರಿಯವರು ಕ್ವಾರಿಯವರನ್ನು ಶಪಿಸುತ್ತಿದ್ದರು. ಬೆಟ್ಟಯ್ಯನೂ ದನಿಗೂಡಿಸುತ್ತಿದ್ದ.

೨೦೦೩ರಲ್ಲಿ ಒಂದು ದಿನ ಮೇಲಿನ ಬೀದಿಯವರು ನೀರು ಕೊಡದೆ ಅಟ್ಟಿದರು. ಪುಟ್ಟಮಾದಮ್ಮ ಬರಿ ಕೊಡ ಕುಕ್ಕಿ ಕೇಳಿದಳು: "ಆ ಗ್ವಾಡೆ ತಟ್ ನೋಡಿದ್ದು ನೀನೇ ಅಲ್ವಾ? ಏನಂದೆ ಅವ್ರಿಗೆ?"

"ಬಿರುಕದೆ ಅಂದೆ ಕಣಮ್ಮಿ. ಕೇಳ್ನಿಲ್ಲ ಬಡ್ಡೀಮಕ್ಳು."

ಒಂಬತ್ತು ವರ್ಷ ತಡವಾಗಿ ಬಂದ ಸುಳ್ಳು. ಪುಟ್ಟಮಾದಮ್ಮ ನಂಬಿದಳು, ಕೇರಿಗೆಲ್ಲ ಹೇಳಿಯೂ ಬಂದಳು. ಅಂದಿನಿಂದ ಹೆಂಗಸರು ಬೇಡಿ ತಂದ ನೀರಿನಲ್ಲಿ ಮೊದಲ ಚೊಂಬನ್ನು ಬೆಟ್ಟಯ್ಯನಿಗೇ ಕೊಡತೊಡಗಿದರು.

"ನಮ್ಗೋಸ್ಕರ ಮಾತಾಡ್ದೋನು ನೀನೊಬ್ನೇಯ, ಕುಡಿಯಣ್ಣ."

ಅವನು ಕುಡಿದ.